ಬಿಸಿಲ ನಾಡಿನ ದೋಣಿಗೆ ತಂಪು ಪೆಟ್ಟಿಗೆ: ಮೊದಲು ಗೋಡೆ, ಆಮೇಲೆ ಯಂತ್ರ

ಬೇಸಿಗೆ ಶುರುವಾದರೆ ನನಗೆ ಬರುವ ಪ್ರಶ್ನೆ ಒಂದೇ, ಕೇಳುವವರಷ್ಟೇ ಬೇರೆ. ‘ದೋಣಿಯಲ್ಲಿ ಫ್ರಿಜ್ ಕೂಡಿಸಿದ್ದೇವೆ. ಹಗಲೆಲ್ಲ ಸೋಲಾರ್ ಮೇಲೆ ಓಡುತ್ತದೆ. ಬೆಳಗಿನ ಜಾವಕ್ಕೆ ಬ್ಯಾಟರಿ ಖಾಲಿ, ಮೀನು ಮೆತ್ತಗೆ. ಇನ್ನೊಂದು ಬ್ಯಾಟರಿ ಹಾಕಬೇಕೆ?’ ನಾರಾಯಣಪುರದ ಬಸವಸಾಗರ ಹಿನ್ನೀರಿನಲ್ಲಿ ಫೈಬರ್ ದೋಣಿ ಇಟ್ಟುಕೊಂಡವರು ಕೇಳುತ್ತಾರೆ, ಬೀದರ ಜಿಲ್ಲೆಯ ಕಾರಂಜಾ ಜಲಾಶಯದ ಕಡೆಯವರು ಕೇಳುತ್ತಾರೆ, ಭೀಮಾ ದಂಡೆಯಿಂದ ಟಂಟಂನಲ್ಲಿ ಮೀನು ಹೇರಿಕೊಂಡು ಕಲಬುರಗಿಗೆ ಬರುವವರೂ ಕೇಳುತ್ತಾರೆ. ನಾನು ಎಲ್ಲರಿಗೂ ತಿರುಗಿ ಕೇಳುವುದು ಒಂದೇ ಮಾತು: ನಿಮ್ಮ ಪೆಟ್ಟಿಗೆಯ ಗೋಡೆ ಎಷ್ಟು ದಪ್ಪ?

ಹೆಚ್ಚಿನವರು ಬೆರಳನ್ನು ಅಡ್ಡ ಹಿಡಿದು ತೋರಿಸುತ್ತಾರೆ. ಒಂದು ಇಂಚು. ಒಂದು ಇಂಚಿನ ಗೋಡೆಯ ಪೆಟ್ಟಿಗೆಗೆ ಬ್ಯಾಟರಿ ಸೇರಿಸುತ್ತಾ ಹೋಗುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಯಂತ್ರವನ್ನು ಮೊದಲು ಕೊಂಡು ಪೆಟ್ಟಿಗೆಯನ್ನು ಆಮೇಲೆ ಯೋಚಿಸಿದವರು ಎರಡು ಸಲ ದುಡ್ಡು ಕೊಟ್ಟಿದ್ದಾರೆ.

ಹಂತ 1: ಫ್ರಿಜ್ ಬೇಕೇ ಬೇಕೆ?

ಹರಿಗೋಲಿನಲ್ಲಿ ಸಂಜೆ ಬಲೆ ಬಿಟ್ಟು ಬೆಳಗಿಗೆ ಮೀನು ಮಾರಿ ಮನೆಗೆ ಹೋಗುವವರಿಗೆ ಯಂತ್ರ ಬೇಡ. ದಪ್ಪ ಗೋಡೆಯ ಪೆಟ್ಟಿಗೆ, ಅದರಲ್ಲಿ ಬರ್ಫ, ಅಷ್ಟೇ ಸಾಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬೇಡಿ. ಎರಡು ಮೂರು ದಿನದ ಮೀನನ್ನು ಕೂಡಿಹಾಕಿ ಒಮ್ಮೆಲೇ ಸಾಗಿಸುವವರು, ಬರ್ಫದ ಕಾರ್ಖಾನೆ ದೂರವಿರುವವರು ಮಾತ್ರ ಮುಂದೆ ಓದಿ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಕಳೆದುಬಿಡುತ್ತೇನೆ. ದೋಣಿಯ ಸಣ್ಣ ಫ್ರಿಜ್ ಇರುವುದು ಬಿಸಿ ಮೀನನ್ನು ತಂಪು ಮಾಡುವುದಕ್ಕಲ್ಲ, ತಂಪಾದ ಮೀನನ್ನು ತಂಪಾಗಿಯೇ ಇಡುವುದಕ್ಕೆ. ಲೆಕ್ಕ ನೋಡಿ. ನೀರಿನಿಂದ ತೆಗೆದಾಗ 30 ಡಿಗ್ರಿ ಇರುವ 25 ಕಿಲೋ ರೋಹು, ಕಾಟ್ಲಾವನ್ನು ಸೊನ್ನೆ ಡಿಗ್ರಿಗೆ ಇಳಿಸಲು ಸುಮಾರು 8 ಕಿಲೋ ಬರ್ಫ ಕರಗಬೇಕು. ಪುಡಿ ಮಾಡಿ ಮೀನಿನ ಸುತ್ತ ತುಂಬಿದರೆ ಆ ಕೆಲಸ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಅದೇ ಕೆಲಸವನ್ನು 60 ವ್ಯಾಟ್ ಶಾಖವನ್ನು ಹೊರಗೆ ಎಸೆಯುವ ಸಣ್ಣ ಯಂತ್ರಕ್ಕೆ ಒಪ್ಪಿಸಿದರೆ, ಗೋಡೆಯಿಂದ ಒಳನುಗ್ಗುವ ಬಿಸಿಯನ್ನೂ ತಡೆದುಕೊಂಡು ಮಾಡಲು ಅದಕ್ಕೆ ಸುಮಾರು 20 ಗಂಟೆ ಬೇಕು. ಅಷ್ಟರಲ್ಲಿ ಮೀನಿನ ಕಿವಿರು ಕಂದಾಗಿರುತ್ತದೆ. ಆದ್ದರಿಂದ ಇಳಿಸುವುದು ಬರ್ಫದ ಕೆಲಸ, ಹಿಡಿದಿಡುವುದು ಯಂತ್ರದ ಕೆಲಸ.

ಹಂತ 2: ಗೋಡೆಯ ದಪ್ಪದ ಲೆಕ್ಕ

ಉಷ್ಣನಿರೋಧಕ ಎಂದರೆ ಬಿಸಿಯನ್ನು ಒಳಗೆ ಬಿಡದ ವಸ್ತು. ನಮ್ಮ ಪೇಟೆಗಳಲ್ಲಿ ಮೂರು ಬಗೆ ಸಿಗುತ್ತವೆ. ಬಿಳಿ ಮಣಿಗಳ ಥರ್ಮಾಕೋಲ್ ಅಗ್ಗ, ಆದರೆ ಮಣಿಗಳ ಸಂದಿಯಲ್ಲಿ ನೀರು ಸೇರುತ್ತದೆ. ನೀಲಿ ಅಥವಾ ಗುಲಾಬಿ ಬಣ್ಣದ ಗಟ್ಟಿ ಹಲಗೆಯನ್ನು ಎಕ್ಸ್‌ಪಿಎಸ್ ಎನ್ನುತ್ತಾರೆ. ಅದು ನೀರಿಗೆ ಹೆಚ್ಚು ಜಗ್ಗುವುದಿಲ್ಲ. ಮೂರನೆಯದು ಪಫ್, ಅಂದರೆ ಪಾಲಿಯುರೆಥೇನ್ ನೊರೆ, ಮನೆಯ ಫ್ರಿಜ್‌ಗಳ ಗೋಡೆಯೊಳಗೆ ಇರುವುದು. ಒಂದೇ ದಪ್ಪದಲ್ಲಿ ಬಿಸಿಯನ್ನು ಅತಿ ಹೆಚ್ಚು ತಡೆಯುವುದು ಪಫ್. ಅದು ಬಿಡುವುದಕ್ಕಿಂತ ಸುಮಾರು ಒಂದೂವರೆ ಪಟ್ಟು ಬಿಸಿಯನ್ನು ಥರ್ಮಾಕೋಲ್ ಬಿಡುತ್ತದೆ.

ಒಳಅಳತೆ 60, 45, 40 ಸೆಂಟಿಮೀಟರ್ ಇರುವ, ಸುಮಾರು 108 ಲೀಟರಿನ ಪೆಟ್ಟಿಗೆಯನ್ನು ತೆಗೆದುಕೊಳ್ಳಿ. 25 ಕಿಲೋ ಮೀನು ಮತ್ತು ಅದರ ಬರ್ಫಕ್ಕೆ ಅದು ಸಾಲುತ್ತದೆ. ಹೊರಗೆ 43 ಡಿಗ್ರಿ, ಒಳಗೆ 3 ಡಿಗ್ರಿ ಎಂದಿಟ್ಟುಕೊಳ್ಳಿ. ಮೇ ತಿಂಗಳ ಯಾದಗಿರಿ, ಕಲಬುರಗಿಯಲ್ಲಿ ಇದು ಅತಿಶಯದ ಮಾತಲ್ಲ.

ಪಫ್ ಗೋಡೆ ಎರಡೂವರೆ ಸೆಂಟಿಮೀಟರ್ ಇದ್ದರೆ ಒಳಗೆ ನುಗ್ಗುವ ಬಿಸಿ ಸುಮಾರು 60 ವ್ಯಾಟ್. ನಿಮ್ಮ ಯಂತ್ರ ಎಸೆಯಬಲ್ಲದ್ದೂ ಅಷ್ಟೇ. ಅಂದರೆ ಅದು ಒಂದು ನಿಮಿಷವೂ ನಿಲ್ಲದೆ ಓಡಬೇಕು, ಆಗಲೂ ಪೆಟ್ಟಿಗೆಯೊಳಗಿನದು ಒಂದು ಡಿಗ್ರಿಯೂ ಹೆಚ್ಚು ತಣ್ಣಗಾಗುವುದಿಲ್ಲ. ಗೋಡೆ ಏಳೂವರೆ ಸೆಂಟಿಮೀಟರ್ ಆದರೆ ಬಿಸಿ 25 ವ್ಯಾಟ್‌ಗೆ ಇಳಿಯುತ್ತದೆ. ಯಂತ್ರ ಅರ್ಧ ಹೊತ್ತಿಗಿಂತ ಹೆಚ್ಚು ಸುಮ್ಮನಿರುತ್ತದೆ. ಹತ್ತು ಸೆಂಟಿಮೀಟರ್ ಮಾಡಿದರೆ ಸುಮಾರು 20 ವ್ಯಾಟ್. ಮೊದಲ ಮೂರು ಇಂಚು ತಂದುಕೊಟ್ಟ ಲಾಭವನ್ನು ನಾಲ್ಕನೆಯ ಇಂಚು ತರುವುದಿಲ್ಲ, ದೋಣಿಯಲ್ಲಿ ಜಾಗವನ್ನು ಮಾತ್ರ ತಿನ್ನುತ್ತದೆ. ನನ್ನ ಸಲಹೆ: ಸುತ್ತಲೂ ಮೂರು ಇಂಚು, ತಳಕ್ಕೆ ಮಾತ್ರ ನಾಲ್ಕು. ಬೀದರ ಪ್ರಸ್ಥಭೂಮಿಯ ಮೇಲಿದೆ, ಕಲಬುರಗಿಗಿಂತ ಬಿಸಿಲು ತುಸು ಕಡಿಮೆ. ಆದರೂ ಅಲ್ಲಿಯವರು ಮೂರಕ್ಕಿಂತ ಕಡಿಮೆ ಮಾಡಬೇಡಿ.

ಹಂತ 3: ಪೆಟ್ಟಿಗೆ ಕಟ್ಟುವುದು

ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ.

ಮೊದಲ ಎಚ್ಚರಿಕೆ ನನ್ನದೇ ಪೆದ್ದುತನದಿಂದ ಕಲಿತದ್ದು. ಮೊದಲ ಪೆಟ್ಟಿಗೆ ಕಟ್ಟಿದಾಗ ಥರ್ಮಾಕೋಲ್ ಹಲಗೆಗಳನ್ನು ಜೋಡಿಸಿ, ದೋಣಿಗೆ ಬಳಿಯುವ ಫೈಬರ್‌ನ ರಾಳವನ್ನೇ ಮೇಲೆ ಬಳಿದೆ. ಕಾದ ಹಂಚಿನ ಮೇಲಿನ ಬೆಣ್ಣೆಯಂತೆ ಹಲಗೆ ಕಣ್ಣೆದುರೇ ಕುಗ್ಗಿಹೋಯಿತು. ಪಾಲಿಯೆಸ್ಟರ್ ರಾಳದಲ್ಲಿರುವ ದ್ರಾವಕ ಥರ್ಮಾಕೋಲನ್ನೂ ಎಕ್ಸ್‌ಪಿಎಸ್ಸನ್ನೂ ಕರಗಿಸುತ್ತದೆ. ಪೆಟ್ರೋಲ್ ಕೂಡ ಹಾಗೆಯೇ. ಈ ಎರಡು ಹಲಗೆಗಳ ಮೇಲೆ ಎಪಾಕ್ಸಿ ರಾಳ ಮಾತ್ರ ಬಳಸಿ. ಪಫ್ ಹಲಗೆಗೆ ಈ ತೊಂದರೆ ಇಲ್ಲ.

ಹಲಗೆಗಳನ್ನು ಒಂದೇ ದಪ್ಪ ಪದರವಾಗಿ ಹಾಕುವ ಬದಲು ಎರಡು ಮೂರು ತೆಳು ಪದರಗಳಾಗಿ ಹಾಕಿ. ಒಂದು ಪದರದ ಸಂದಿಯ ಮೇಲೆ ಇನ್ನೊಂದರ ಸಂದಿ ಬರಬಾರದು, ಇಟ್ಟಿಗೆ ಗೋಡೆ ಕಟ್ಟುವವರು ಮಾಡುವ ಹಾಗೆ. ಪ್ರತಿ ಸಂದಿಗೂ ಅಲ್ಯೂಮಿನಿಯಂ ಟೇಪು ಒತ್ತಿ ಹಚ್ಚಿ.

ಎರಡು ದ್ರವಗಳನ್ನು ಬೆರೆಸಿ ಸುರಿಯುವ ಪಫ್ ಬಳಸುವವರು ಬೆಳಗ್ಗೆ ಏಳರೊಳಗೆ ಕೆಲಸ ಮುಗಿಸಿ. ನಮ್ಮ ಮಧ್ಯಾಹ್ನದಲ್ಲಿ ಅದು ಬೆರೆಸುವ ಡಬ್ಬಿಯಲ್ಲೇ ಉಬ್ಬಿಬಿಡುತ್ತದೆ. ಒಮ್ಮೆಲೇ ತುಂಬಿದರೆ ಗೋಡೆ ಹೊರಕ್ಕೆ ಬಾಗುತ್ತದೆ. ಸ್ವಲ್ಪ ಸ್ವಲ್ಪವಾಗಿ, ಮೂರು ನಾಲ್ಕು ಸಲಕ್ಕೆ ಸುರಿಯಿರಿ. ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಬಯಲಿನಲ್ಲಿ, ಕೈಗವಸು ಮತ್ತು ರಾಸಾಯನಿಕ ಆವಿ ತಡೆಯುವ ಮುಖಗವಸು ಹಾಕಿಕೊಂಡೇ ಮಾಡಿ. ಬೀಡಿ ದೂರವಿರಲಿ.

ತೇವದ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಗಾಳಿಯಲ್ಲಿರುವ ನೀರಾವಿ ಬಿಸಿ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುತ್ತದೆ, ಗೋಡೆಯ ನಡುವೆ ಹನಿಯಾಗಿ ನಿಲ್ಲುತ್ತದೆ. ನೆನೆದ ನೊರೆ ನಿರೋಧಕವೇ ಅಲ್ಲ. ನೀರು ಪಫ್‌ಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬಿಸಿ ಸಾಗಿಸುತ್ತದೆ. ಹಾಗಾಗಿ ನೀರು ಬಿಡದ ಪೊರೆ ಗೋಡೆಯ ಹೊರಮೈಗೆ ಬರಬೇಕು. ಒಳಮೈಗೆ ಫೈಬರ್ ಅಥವಾ ಸ್ಟೀಲ್ ತಗಡು ಹೇಗೂ ಇರುತ್ತದೆ. ‘ನಮ್ಮದು ಒಣ ಹವೆ, ತೇವ ಎಲ್ಲಿಂದ?’ ಎನ್ನಬೇಡಿ. ದೋಣಿಯ ತಳದಲ್ಲಿ ಯಾವಾಗಲೂ ಒಂದಿಷ್ಟು ನೀರು ಇದ್ದೇ ಇರುತ್ತದೆ. ಪೆಟ್ಟಿಗೆಯನ್ನು ಮರದ ಪಟ್ಟಿಗಳ ಮೇಲೆ ಎತ್ತಿ ಇಡಿ.

ಮುಚ್ಚಳ ಮೇಲೆಯೇ ಇರಲಿ. ತಣ್ಣನೆಯ ಗಾಳಿ ಭಾರ; ಮುಂಬಾಗಿಲು ತೆರೆದರೆ ಕೊಡ ಓರೆ ಮಾಡಿದ ಹಾಗೆ ಅಷ್ಟೂ ಚೆಲ್ಲಿಹೋಗುತ್ತದೆ. ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ ಎರಡು ಸಾಲು. ಕಾಗದದ ಚೀಟಿಯೊಂದನ್ನು ನಡುವೆ ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಸಂದಿ ಇದೆ. ನಾಲ್ಕೂ ಕಡೆ ಹೀಗೆ ನೋಡಿ.

ತಳದಲ್ಲಿ ಕರಗಿದ ನೀರು ಹೋಗಲು ತೂತು ಬೇಕು. ಬರೇ ತೂತು ಬಿಟ್ಟರೆ ರಾತ್ರಿಯಿಡೀ ತಂಪು ಅದರಿಂದಲೇ ಸೋರುತ್ತದೆ. ಪೈಪನ್ನು ಬಚ್ಚಲ ಪೈಪಿನಂತೆ ಕೆಳಗೆ ಬಾಗಿಸಿ ಮೇಲೆ ತಿರುಗಿಸಿ. ಬಾಗಿನಲ್ಲಿ ನಿಂತ ನೀರೇ ಬಿರಡೆಯಾಗುತ್ತದೆ.

ಹಂತ 4: ಬರ್ಫದ ಪರೀಕ್ಷೆ

ಯಂತ್ರ ಕೊಳ್ಳುವ ಮುನ್ನ ಇದನ್ನು ಮಾಡಿ. ಇಷ್ಟು ಅಗ್ಗದ, ಇಷ್ಟು ಪ್ರಾಮಾಣಿಕವಾದ ಪರೀಕ್ಷೆ ಇನ್ನೊಂದಿಲ್ಲ. ಒಂದು ದಿನ ಮೊದಲು ಪೆಟ್ಟಿಗೆಗೆ ನಾಲ್ಕಾರು ಕಿಲೋ ಬರ್ಫ ಹಾಕಿ ಗೋಡೆಗಳನ್ನು ತಣ್ಣಗಾಗಿಸಿ. ಮರುದಿನ ಅದನ್ನೆಲ್ಲ ಚೆಲ್ಲಿ, ಹೊಸದಾಗಿ 10 ಕಿಲೋ ತೂಗಿ ಹಾಕಿ ಮುಚ್ಚಿ. ಸರಿಯಾಗಿ 24 ಗಂಟೆಯ ನಂತರ ಕರಗಿದ ನೀರನ್ನು ಅಳೆಯಿರಿ.

ಒಂದು ಕಿಲೋ ಬರ್ಫ ಕರಗಲು ಸುಮಾರು 93 ವ್ಯಾಟ್-ಅವರ್ ಶಾಖ ಬೇಕು. ವ್ಯಾಟ್-ಅವರ್ ಎಂದರೆ ಒಂದು ವ್ಯಾಟ್ ಒಂದು ಗಂಟೆ ಹರಿದರೆ ಆಗುವ ಮೊತ್ತ. ಹಾಗಾಗಿ ಕರಗಿದ ಕಿಲೋಗಳನ್ನು 4ರಿಂದ ಗುಣಿಸಿದರೆ ನಿಮ್ಮ ಪೆಟ್ಟಿಗೆ ಒಳಬಿಡುವ ಬಿಸಿ ವ್ಯಾಟ್‌ಗಳಲ್ಲಿ ಸಿಗುತ್ತದೆ. ಐದು ಲೀಟರ್ ನೀರು ಬಂದರೆ 20 ವ್ಯಾಟ್, ಪೆಟ್ಟಿಗೆ ಚೆನ್ನಾಗಿದೆ. ಎಂಟು ಲೀಟರ್ ಬಂದರೆ ಮುಚ್ಚಳದ ರಬ್ಬರನ್ನೂ ಸಂದಿಗಳನ್ನೂ ಮತ್ತೆ ನೋಡಿ. ಅಷ್ಟೂ ಕರಗಿದ್ದರೆ ಯಂತ್ರದ ಯೋಚನೆ ಬಿಟ್ಟು ಹಂತ 3ಕ್ಕೆ ಹಿಂದಿರುಗಿ.

ಹಂತ 5: ಯಂತ್ರದ ಆಯ್ಕೆ

ಕಾರಿನ ಲೈಟರಿಗೆ ಚುಚ್ಚುವ ಅಗ್ಗದ ‘ಕೂಲರ್ ಬಾಕ್ಸ್’ಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಅವುಗಳಲ್ಲಿ ಬಹುಪಾಲು ಪೆಲ್ಟಿಯರ್ ತುಣುಕಿನಿಂದ, ಅಂದರೆ ವಿದ್ಯುತ್ ಹರಿಸಿದಾಗ ಒಂದು ಮೈ ತಣ್ಣಗಾಗಿ ಇನ್ನೊಂದು ಮೈ ಬಿಸಿಯಾಗುವ ಬಿಲ್ಲೆಯಿಂದ ಕೆಲಸ ಮಾಡುತ್ತವೆ. ಅನಿಲವೂ ಇಲ್ಲ, ಅದನ್ನು ಒತ್ತಿ ಸುತ್ತಿಸುವ ಹೃದಯವಾದ ಕಂಪ್ರೆಸರೂ ಇಲ್ಲ. ಹೊರಗಿನ ಬಿಸಿಗಿಂತ 15ರಿಂದ 20 ಡಿಗ್ರಿ ಕೆಳಗೆ ಇಳಿಸುವುದಷ್ಟೇ ಅವುಗಳ ಶಕ್ತಿ. ಊಟಿಯಲ್ಲಿ ಸರಿ. 43 ಡಿಗ್ರಿಯ ಶಹಾಪುರದಲ್ಲಿ ಒಳಗೆ 23 ಡಿಗ್ರಿ ಸಿಕ್ಕರೆ ಅದೇ ಪುಣ್ಯ. ಬ್ಯಾಟರಿಯನ್ನು ಮಾತ್ರ ಬಿಡುವಿಲ್ಲದೆ ಹೀರುತ್ತಿರುತ್ತವೆ.

ಮನೆಯ ಫ್ರಿಜ್ಜನ್ನು ಇನ್ವರ್ಟರ್ ಮೇಲೆ ಓಡಿಸುವುದು ಇನ್ನೊಂದು ದಾರಿ. ಶುರುವಾಗುವ ಕ್ಷಣದಲ್ಲಿ ಹಳೆಯ ಬಗೆಯ ಕಂಪ್ರೆಸರ್ ಮಾಮೂಲಿಗಿಂತ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ, ಇನ್ವರ್ಟರ್ ಸುಮ್ಮನಿದ್ದಾಗಲೂ ಒಂದಿಷ್ಟು ತಿನ್ನುತ್ತದೆ. ದಂಡೆಯ ಮೇಲಿನ ಗುಡಿಸಲಿಗೆ ಇದು ನಡೆದೀತು, ಅಲುಗಾಡುವ ದೋಣಿಗೆ ನಾನು ಒಪ್ಪುವುದಿಲ್ಲ. ಮನೆಯ ಈಚಿನ ಬಹಳಷ್ಟು ಫ್ರಿಜ್‌ಗಳಲ್ಲಿ ಆರ್-600ಎ ಎಂಬ ಉರಿಯುವ ಅನಿಲ ಇರುತ್ತದೆ. ಅದು ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ಕೂಡುತ್ತದೆ. ಪಕ್ಕದಲ್ಲೇ ಎಂಜಿನ್ನಿನ ಕಿಡಿ ಇರುವುದನ್ನು ನೆನಪಿಡಿ.

ದೋಣಿಗೆ ಸರಿಹೊಂದುವುದು ನೇರವಾಗಿ 12 ಅಥವಾ 24 ವೋಲ್ಟ್‌ನಲ್ಲಿ ಓಡುವ ಕಂಪ್ರೆಸರ್. ಮೊದಲು ಡ್ಯಾನ್‌ಫಾಸ್, ಈಗ ಸೆಕಾಪ್ ಹೆಸರಿನಲ್ಲಿ ಬರುವ ಬಿಡಿ35, ಬಿಡಿ50 ಮಾದರಿಗಳು ಜಗತ್ತಿನೆಲ್ಲೆಡೆ ದೋಣಿಗಳಲ್ಲಿವೆ. ಅದೇ ಬಗೆಯ ಬೇರೆ ಕಂಪನಿಗಳ ಯಂತ್ರಗಳೂ ಇವೆ. ಸುಮಾರು 50 ವ್ಯಾಟ್ ವಿದ್ಯುತ್ತಿನಲ್ಲಿ ನಮ್ಮ ಅಳತೆಯ ಪೆಟ್ಟಿಗೆಯನ್ನು ಇವು ನಿಭಾಯಿಸುತ್ತವೆ.

ಸಿದ್ಧ ಫ್ರಿಜ್ ಕೊಳ್ಳುವುದಾದರೆ ಅದರ ಹಿಂಬದಿಯ ಚೀಟಿಯಲ್ಲಿ ಹವಾಮಾನ ದರ್ಜೆ ಎಂಬ ಅಕ್ಷರವನ್ನು ಹುಡುಕಿ. ‘ಎನ್’ ಎಂದರೆ 32 ಡಿಗ್ರಿವರೆಗಿನ ಕೋಣೆಗೆ, ‘ಎಸ್‌ಟಿ’ ಎಂದರೆ 38ರವರೆಗೆ, ‘ಟಿ’ ಎಂದರೆ 43ರವರೆಗೆ. ನಮಗೆ ‘ಟಿ’ ಬಿಟ್ಟು ಬೇರೆ ಬೇಡ. ಅದೂ ನಮ್ಮ ಮೇ ತಿಂಗಳಲ್ಲಿ ತನ್ನ ಕೊನೆಯ ಗೆರೆಯ ಮೇಲೆಯೇ ನಿಂತಿರುತ್ತದೆ. ನೆರಳು ಬೇಕೇ ಬೇಕು.

ಹಂತ 6: ಗಾಳಿ ಮತ್ತು ನೆರಳು

ಪೆಟ್ಟಿಗೆಯಿಂದ ಹೀರಿದ ಬಿಸಿಯನ್ನು ಹೊರಗೆ ಬಿಡುವ ಜಾಲರಿ ಕಂಡೆನ್ಸರ್. ಅದನ್ನು ಎಂಜಿನ್ ಪಕ್ಕದ ಮುಚ್ಚಿದ ಮೂಲೆಗೆ ತುರುಕುವುದು ನಾನು ಅತಿ ಹೆಚ್ಚು ನೋಡಿದ ತಪ್ಪು. ತಾನೇ ಬಿಟ್ಟ ಬಿಸಿಗಾಳಿಯನ್ನು ಅದು ಮತ್ತೆ ಎಳೆದುಕೊಳ್ಳುತ್ತದೆ, 50 ಡಿಗ್ರಿಯ ಗೂಡಿನಲ್ಲಿ ಏದುಸಿರು ಬಿಡುತ್ತದೆ. ಕೆಳಗಿನಿಂದ ಗಾಳಿ ಬರಲು ಒಂದು ಕಿಂಡಿ, ಮೇಲಿನಿಂದ ಹೋಗಲು ಇನ್ನೊಂದು. ಎರಡೂ ಬೇರೆ ಬೇರೆ ದಿಕ್ಕಿಗೆ ತೆರೆದಿರಲಿ. ಜಾಲರಿಯ ಧೂಳನ್ನು ವಾರಕ್ಕೊಮ್ಮೆ ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ತೆಗೆಯಿರಿ.

ನೀರಿನಿಂದ ತಣಿಸುವ ಕಂಡೆನ್ಸರ್ ಸಮುದ್ರದ ದೊಡ್ಡ ದೋಣಿಗಳಲ್ಲಿ ಇರುತ್ತದೆ. ತರ್ಕ ಚೆನ್ನಾಗಿದೆ, ಹಿನ್ನೀರು ಗಾಳಿಗಿಂತ ಎಷ್ಟೋ ತಂಪು. ಆದರೆ ಮಳೆಗಾಲದ ಕೃಷ್ಣೆಯ ಕೆಂಪು ರಾಡಿ ಸಣ್ಣ ಪಂಪನ್ನು ಕಟ್ಟಿಬಿಡುತ್ತದೆ. ಬೇಡ.

ಪೆಟ್ಟಿಗೆಗೆ ಬಿಳಿ ಬಣ್ಣ ಬಳಿಯಿರಿ. ಸೋಲಾರ್ ಹಲಗೆಯನ್ನು ಪೆಟ್ಟಿಗೆಯ ಮೇಲೆಯೇ ಚಪ್ಪರದಂತೆ ಕೂಡಿಸಿ, ನಡುವೆ ಒಂದು ಗೇಣು ಗಾಳಿಗೆ ಬಿಡಿ. ವಿದ್ಯುತ್ ಕೊಡುವುದೇ ನೆರಳನ್ನೂ ಕೊಡುತ್ತದೆ. ದಂಡೆಗೆ ಬಂದ ಮೇಲೆ ಪೆಟ್ಟಿಗೆಯನ್ನು ಶಹಾಬಾದ ಕಲ್ಲಿನ ಹಾಸಿನ ಮೇಲೆ ನೇರವಾಗಿ ಇಳಿಸಬೇಡಿ. ಮಧ್ಯಾಹ್ನ ಆ ಕಲ್ಲಿನ ಮೇಲೆ ಬರಿಗಾಲಿಡಲು ನಿಮಗೇ ಆಗುವುದಿಲ್ಲವಲ್ಲ.

ನಮ್ಮ ಒಣ ಬಿಸಿಲಿನಲ್ಲಿ ಒಂದು ಅನುಕೂಲವೂ ಇದೆ, ಕರಾವಳಿಯವರಿಗೆ ಅದಿಲ್ಲ. ಒದ್ದೆ ಗೋಣಿತಟ್ಟನ್ನು ಪೆಟ್ಟಿಗೆಯ ಮೇಲೆ ಹೊದಿಸಿದರೆ, ನೀರು ಆರುತ್ತಾ ಹೊರಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಮನೆಯ ಕಿಟಕಿಯಲ್ಲಿ ಕೂಡಿಸುವ ಕೂಲರಿನ ಗುಟ್ಟೂ ಅದೇ. ಗಾಳಿ ಆಡುವ ಜಾಗದಲ್ಲಿ, ಮಾರ್ಚ್‌ನಿಂದ ಮೇವರೆಗೆ, ಇದು ಕಣ್ಣಿಗೆ ಕಾಣುವಷ್ಟು ಬರ್ಫ ಉಳಿಸುತ್ತದೆ. ಕಂಡೆನ್ಸರ್ ಮತ್ತು ತಂತಿಗಳ ಮೇಲೆ ಮಾತ್ರ ಹೊದಿಸಬೇಡಿ. ಮಳೆಗಾಲದ ತೇವಗಾಳಿಯಲ್ಲಿ ತಟ್ಟು ತೆಗೆದಿಡಿ, ಆಗ ಅದು ಕೊಳೆಯುವುದಕ್ಕಷ್ಟೇ ಬರುತ್ತದೆ.

ಹಂತ 7: ವಿದ್ಯುತ್ತು

ಈಗ ಬ್ಯಾಟರಿಯ ಪ್ರಶ್ನೆಗೆ ಬರೋಣ. ಗೋಡೆಯಿಂದ 25 ವ್ಯಾಟ್ ಬಿಸಿ ಎಂದರೆ ದಿನಕ್ಕೆ 600 ವ್ಯಾಟ್-ಅವರ್. ನಮ್ಮ ಸೆಕೆಯಲ್ಲಿ ಅದನ್ನು ಹೊರದಬ್ಬಲು ಯಂತ್ರಕ್ಕೆ ಸುಮಾರು 500 ವ್ಯಾಟ್-ಅವರ್ ವಿದ್ಯುತ್ ಬೇಕು. 12ರಿಂದ ಭಾಗಿಸಿದರೆ 42 ಆಂಪಿಯರ್-ಅವರ್. ಬ್ಯಾಟರಿಯ ಮೇಲೆ ಬರೆದಿರುವ ‘ಎಎಚ್’ ಎಂಬುದು ಇದೇ. ಮುಚ್ಚಳ ತೆಗೆದು ಹಾಕುವುದನ್ನು ಸೇರಿಸಿ 50 ಎಂದಿಟ್ಟುಕೊಳ್ಳಿ.

ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಆದ್ದರಿಂದ 100 ಎಎಚ್‌ನ ಒಂದು ಟ್ಯೂಬುಲರ್ ಬ್ಯಾಟರಿ ಒಂದು ಮೋಡದ ದಿನವನ್ನು ದಾಟಿಸುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆದರೆ ನೂರಕ್ಕೆ ಎಂಬತ್ತು ಪಾಲು ಬಳಸಬಹುದು, ಹಗುರ, ಬೆಲೆ ಹೆಚ್ಚು. ಯಾವುದಾದರೂ ನೆರಳಿನಲ್ಲಿರಲಿ, 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೂ ಸೀಸದ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಚಾರ್ಜ್ ಆಗುವಾಗ ಅದು ಉರಿಯುವ ಅನಿಲ ಬಿಡುವುದರಿಂದ ಗಾಳಿಯಾಡದ ಪೆಟ್ಟಿಗೆಯಲ್ಲಿ ಇಡಬೇಡಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಡಿಸ್ಟಿಲ್ಡ್ ನೀರಿನ ಮಟ್ಟ ನೋಡಿ.

ಸೋಲಾರ್ ಹಲಗೆ 200 ವ್ಯಾಟ್ ಇರಲಿ. ಐದು ಗಂಟೆಯ ಒಳ್ಳೆಯ ಬಿಸಿಲು, ಧೂಳು ಮತ್ತು ಕಾವಿನ ನಷ್ಟ ಕಳೆದು ಸುಮಾರು 700 ವ್ಯಾಟ್-ಅವರ್ ಬರುತ್ತದೆ. ಹೌದು, ಕಾವಿನ ನಷ್ಟ: ಹಲಗೆಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. 65 ಡಿಗ್ರಿಗೆ ಕಾದ ಹಲಗೆ ಚೀಟಿಯಲ್ಲಿ ಬರೆದದ್ದಕ್ಕಿಂತ ಆರರಲ್ಲೊಂದು ಪಾಲು ಕಡಿಮೆ ಕೊಡುತ್ತದೆ.

ತಂತಿಯಲ್ಲಿ ಜಿಪುಣತನ ಮಾಡಬೇಡಿ. ಬಿಡಿ35 ಬಗೆಯ ಯಂತ್ರಕ್ಕೆ 12 ವೋಲ್ಟ್‌ನಲ್ಲಿ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಎರಡೂವರೆ ಮೀಟರ್ ದೂರಕ್ಕೆ ಮಾತ್ರ. ನಾಲ್ಕು ಮೀಟರಿಗೆ 4, ಆರು ಮೀಟರಿಗೆ 6 ಚದರ ಮಿಲಿಮೀಟರ್ ಬೇಕು. ಬ್ಯಾಟರಿಯಿಂದ ಬರುವ ತಂತಿಯ ನಡುವೆ 15 ಆಂಪಿಯರ್ ಫ್ಯೂಸು. ತಂತಿ ತೆಳ್ಳಗಿದ್ದರೆ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ನಿಂತುಬಿಡುತ್ತದೆ. ಮಾಲೀಕರು ಬ್ಯಾಟರಿಯನ್ನು ಬೈಯುತ್ತಾರೆ.

ಇಂಥ ಯಂತ್ರಗಳ ನಿಯಂತ್ರಕಕ್ಕೆ ಸಣ್ಣ ಎಲ್‌ಇಡಿ ದೀಪವೊಂದನ್ನು ಜೋಡಿಸಿಕೊಂಡರೆ ಅದು ಮಿಟುಕಿಸಿ ರೋಗ ಹೇಳುತ್ತದೆ. ಒಂದು ಸಲ ಮಿಟುಕಿದರೆ ವೋಲ್ಟೇಜ್ ಸಾಲದು, ಎರಡಾದರೆ ಫ್ಯಾನಿನ ದೋಷ, ಮೂರಾದರೆ ಮೋಟಾರು ಶುರುವಾಗುತ್ತಿಲ್ಲ, ನಾಲ್ಕಾದರೆ ವೇಗ ಸಾಲದು, ಐದಾದರೆ ನಿಯಂತ್ರಕವೇ ಕಾದಿದೆ. ಮೇ ತಿಂಗಳಲ್ಲಿ ಐದು ಮಿಟುಕು ಕಂಡರೆ ಹಂತ 6ನ್ನು ಮತ್ತೆ ಓದಿ.

ಯಂತ್ರ ತಾನಾಗಿ ನಿಲ್ಲುವ ವೋಲ್ಟೇಜ್ ಕಾರ್ಖಾನೆಯಿಂದ ಬರುವಾಗ ಸುಮಾರು 10.4ಕ್ಕೆ ಇರುತ್ತದೆ. ಸೀಸದ ಬ್ಯಾಟರಿಗೆ ಅದು ಸಾವಿನ ಹೊಸ್ತಿಲು. ಸೋಲಾರ್ ಹಲಗೆ ಮತ್ತು ಬ್ಯಾಟರಿಯ ನಡುವೆ ಇರುವ ಸೋಲಾರ್ ನಿಯಂತ್ರಕದಲ್ಲಿ ಕಡಿತವನ್ನು 11.8ರ ಆಸುಪಾಸಿಗೆ ಏರಿಸಿ, ಯಂತ್ರವನ್ನು ಅದರ ಮೂಲಕ ಓಡಿಸಿ. ಆಗ ಆ ನಿಯಂತ್ರಕ ಕನಿಷ್ಠ 15 ಆಂಪಿಯರ್ ತಾಳುವಂಥದ್ದಿರಲಿ.

ಹಂತ 8: ದಿನನಿತ್ಯ

ಮೀನು ಹಾಕುವ ಹಿಂದಿನ ರಾತ್ರಿಯೇ ಯಂತ್ರ ಚಾಲೂ ಮಾಡಿ. ಬಿಸಿ ಪೆಟ್ಟಿಗೆಗೆ ಮೀನು ಸುರಿದು ಆಮೇಲೆ ಗುಂಡಿ ಒತ್ತಿದವರಿಗೆ ನನ್ನಲ್ಲಿ ಮದ್ದಿಲ್ಲ.

ಬರ್ಫವನ್ನು ಸಣ್ಣಗೆ ಒಡೆಯಿರಿ. ದೊಡ್ಡ ಗಡ್ಡೆ ಮೀನನ್ನು ನಾಲ್ಕು ಕಡೆ ಮುಟ್ಟುತ್ತದೆ, ಪುಡಿ ಎಲ್ಲ ಕಡೆ ಮುಟ್ಟುತ್ತದೆ. ತಳಕ್ಕೊಂದು ಪದರ ಬರ್ಫ, ಮೇಲೆ ಮೀನು, ಮತ್ತೆ ಬರ್ಫ. ಬೇಸಿಗೆಯಲ್ಲಿ ತೂಕಕ್ಕೆ ತೂಕ, ಒಂದು ಕಿಲೋ ಮೀನಿಗೆ ಒಂದು ಕಿಲೋ. ದಂಡೆಯಲ್ಲಿ ವ್ಯಾಪಾರಿಗೆ ತೋರಿಸಲು ಹತ್ತು ಸಲ ಮುಚ್ಚಳ ಎತ್ತಬೇಡಿ. ನಾಲ್ಕು ಮೀನನ್ನು ಬುಟ್ಟಿಯಲ್ಲಿ ಬೇರೆ ಇಡಿ, ಅದನ್ನೇ ತೋರಿಸಿ.

ಸಂಜೆಯ ನಂತರ ಬ್ಯಾಟರಿಯ ಭಾರ ಇಳಿಸಲು ಲೀಟರ್ ಬಾಟಲಿಗಳಲ್ಲಿ ಮುಕ್ಕಾಲು ನೀರು ತುಂಬಿ, ಮನೆಯ ಫ್ರಿಜ್‌ನಲ್ಲಿ ಗಟ್ಟಿ ಮಾಡಿ ತಂದು ಪೆಟ್ಟಿಗೆಯ ಒಳಗೋಡೆಗೆ ಒತ್ತಿ ನಿಲ್ಲಿಸಿ. ಹತ್ತು ಕಿಲೋ ಮಂಜುಗಡ್ಡೆಯಲ್ಲಿರುವ ತಂಪನ್ನು ಯಂತ್ರದಿಂದ ಪಡೆಯಬೇಕೆಂದರೆ ಬ್ಯಾಟರಿಯಿಂದ ಸುಮಾರು 65 ಆಂಪಿಯರ್-ಅವರ್ ಖರ್ಚಾಗುತ್ತದೆ. ನೀವು ಕೇಳುತ್ತಿದ್ದ ಎರಡನೆಯ ಬ್ಯಾಟರಿ ಇದೇ, ಬಾಟಲಿಯ ಬೆಲೆಗೆ. ದೋಣಿಯ ಯಂತ್ರವೇ ಹೊಸ ನೀರನ್ನು ಗಟ್ಟಿ ಮಾಡಲಿ ಎಂದರೆ ಹಗಲೊಂದಕ್ಕೆ ಎರಡು ಮೂರು ಲೀಟರ್ ಅಷ್ಟೇ ಆಗುತ್ತದೆ.

ಇವಾಪರೇಟರ್, ಅಂದರೆ ಒಳಗಿನ ತಣ್ಣನೆಯ ತಗಡಿನ ಮೇಲೆ ಹಿಮ ಅರ್ಧ ಸೆಂಟಿಮೀಟರ್ ದಾಟಿದರೆ ಯಂತ್ರ ನಿಲ್ಲಿಸಿ ಕರಗಲು ಬಿಡಿ. ಚಾಕುವಿನಿಂದ ಕೆರೆಯಬೇಡಿ, ತಗಡಿಗೆ ತೂತು ಬಿದ್ದು ಅನಿಲವೆಲ್ಲ ಹೋದರೆ ದುರಸ್ತಿಗೆ ತಗಲುವ ಖರ್ಚು ಒಂದು ವಾರದ ಮೀನನ್ನು ತಿಂದುಹಾಕುತ್ತದೆ.

ಮಳೆಗಾಲದಲ್ಲಿ ಹೊಳೆ ಏರಿ ದೋಣಿ ದಡಕ್ಕೆ ಬಂದಾಗ ಪೆಟ್ಟಿಗೆಯನ್ನು ಬ್ಲೀಚಿಂಗ್ ಪುಡಿಯ ತೆಳು ನೀರಿನಿಂದ ತೊಳೆದು, ಒಣಗಿಸಿ, ಮುಚ್ಚಳದ ಕೆಳಗೆ ಒಂದು ಕಡ್ಡಿ ಸಿಗಿಸಿ ತೆರೆದೇ ಇಡಿ. ಮುಚ್ಚಿಟ್ಟರೆ ರಬ್ಬರ್ ಪಟ್ಟಿ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ಒಳಗಿನ ವಾಸನೆ ದಸರೆಯವರೆಗೂ ಹೋಗುವುದಿಲ್ಲ. ಬ್ಯಾಟರಿಯನ್ನು ಮನೆಗೆ ತಂದು ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡುತ್ತಿರಿ.